ಗುಂಡಿಯೊಳಗಿನ ಗಂಡ, ಕಲ್ಲು ಬೀಸುವ ಹೆಂಡತಿ: ಜರ್ಮನ್ ಕತ್ತಿವರಸೆಯ ಹಳೇ ಹಸ್ತಪ್ರತಿಗಳ ಬಗ್ಗೆ ಗೊತ್ತಿರುವವರು ಹೇಳಿ

ಕೆರೆದಂಡೆ · ಭಾನುವಾರ ಬೆಳಿಗ್ಗೆ 9:40

ನಮ್ಮ ಶಾಲೆಯ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ಚಿತ್ರ ಹಾಕಿದ್ದಾರೆ. ಸೊಂಟದವರೆಗೆ ಗುಂಡಿಯಲ್ಲಿ ನಿಂತ ಗಂಡಸು, ಕೈಯಲ್ಲಿ ದೊಣ್ಣೆ. ಮೇಲೆ ನೆಲದ ಮೇಲೆ ಒಬ್ಬ ಹೆಂಗಸು, ಬಟ್ಟೆಯ ತುದಿಗೆ ಕಲ್ಲು ಕಟ್ಟಿಕೊಂಡು ಬೀಸುತ್ತಿದ್ದಾಳೆ. ಕೆಳಗೆ ‘ಹಳೇ ಜರ್ಮನಿಯಲ್ಲಿ ಡೈವೋರ್ಸ್ ಹೀಗಾಗುತ್ತಿತ್ತು’ ಅಂತ ಒಕ್ಕಣೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು. ನಾಳೆ ಮಕ್ಕಳು ಕೇಳದೆ ಬಿಡುವುದಿಲ್ಲ. ಇದು ಕಂಪ್ಯೂಟರಿನಲ್ಲಿ ಹುಟ್ಟಿದ ಚಿತ್ರವೋ, ನಿಜವಾದ ಹಳೇದೋ?

ಚುರುಮುರಿ · 9:52

ಗುಂಡಿ ಗಂಡನ ಪಾಲಿಗೇ ಯಾಕೆ ಬಂತು ಅಂತ ಮದುವೆಯಾದವರನ್ನು ಕೇಳಿ ಮೇಷ್ಟ್ರೇ.

ನೆಕ್ಕರ್‌ತೀರ · 11:15

ಚಿತ್ರ ಅಸಲಿ, ಒಕ್ಕಣೆ ನಕಲಿ.

ಅದು ಹಾನ್ಸ್ ಟಾಲ್‌ಹೋಫರ್ ಎಂಬ ಕತ್ತಿವರಸೆ ಗುರುವಿನ ಹಸ್ತಪ್ರತಿಯದು. ಅವನ ಹೆಸರಿನಲ್ಲಿ ಒಂದಲ್ಲ, ಹಲವು ಹಸ್ತಪ್ರತಿಗಳಿವೆ. 1443ರದು ಗೋಥಾ ಪಟ್ಟಣದಲ್ಲಿದೆ, 1459ರದು ಕೋಪನ್‌ಹೇಗನ್ನಿನ ರಾಜ ಗ್ರಂಥಾಲಯದಲ್ಲಿ, 1467ರದು ಮ್ಯೂನಿಕ್‌ನಲ್ಲಿ. ಈ ಕೊನೆಯದು ವೂರ್ಟೆಂಬರ್ಗ್ ಸೀಮೆಯ ದೊರೆ ಎಬರ್‌ಹಾರ್ಡ್‌ಗಾಗಿ ಬರೆಸಿದ್ದು. ನಾನಿರುವ ಸ್ಟುಟ್‌ಗಾರ್ಟ್ ಅವನ ಸೀಮೆಯೇ. ಇಲ್ಲಿ ಆರು ವರ್ಷದಿಂದ ವಾರಕ್ಕೆರಡು ಸಂಜೆ ಹಳೇ ಜರ್ಮನ್ ಕತ್ತಿವರಸೆ ಕಲಿಯುತ್ತಿದ್ದೇನೆ, ಹಾಗಾಗಿ ಈ ಪುಸ್ತಕಗಳ ಗೀಳು.

ಡೈವೋರ್ಸ್ ಅಲ್ಲವೇ ಅಲ್ಲ. ಅದು ನ್ಯಾಯದ ಕಾಳಗ. ಸಾಕ್ಷಿ ಇಲ್ಲದ ದೊಡ್ಡ ಆರೋಪಗಳಲ್ಲಿ ಇಬ್ಬರೂ ಪಟ್ಟು ಬಿಡದಿದ್ದರೆ, ಕಟ್ಟೆ ಕಟ್ಟಿ ಹೊಡೆದಾಡಿಸುತ್ತಿದ್ದರು; ಗೆದ್ದವನ ಕಡೆ ದೇವರಿದ್ದಾನೆ ಅಂತ ಲೆಕ್ಕ. ಎಂಥ ಆರೋಪಗಳಿಗೆ ಇದು ಸಲ್ಲುತ್ತದೆ ಅಂತ ಟಾಲ್‌ಹೋಫರ್ ಏಳನ್ನು ಪಟ್ಟಿ ಮಾಡುತ್ತಾನೆ. ಕೊಲೆ, ದೇಶದ್ರೋಹ, ಧರ್ಮದ್ರೋಹ, ಒಡೆಯನಿಗೆ ಎರಡು ಬಗೆಯುವುದು ಇತ್ಯಾದಿ. ಕೊನೆಯದು ಹೆಣ್ಣಿನ ಮೇಲೆ ಮಾಡಿದ ಬಲಾತ್ಕಾರ. ಹೆಂಗಸೇ ಕಣಕ್ಕಿಳಿದರೆ ತೂಕ ಸರಿದೂಗಿಸಬೇಕಲ್ಲ, ಅದಕ್ಕೆ ಗುಂಡಿ. ಅವನು ಕದಲುವಂತಿಲ್ಲ, ಅವಳು ಸುತ್ತ ಓಡಾಡಬಹುದು. ದೊಣ್ಣೆಯ ಉದ್ದ, ಬಟ್ಟೆಯ ಉದ್ದ ಎರಡೂ ಒಂದೇ.

ಕಾಳಗಕ್ಕೆ ಮುಂಚೆ ಅಭ್ಯಾಸಕ್ಕೆ ಅಂತ ಸುಮಾರು ಆರು ವಾರ ಕೊಡುತ್ತಿದ್ದರು. ಟಾಲ್‌ಹೋಫರನಂಥವರ ಹೊಟ್ಟೆಪಾಡು ಆ ಆರು ವಾರಗಳಲ್ಲಿತ್ತು. ಕೇಸು ಬಿದ್ದವನು ಇಂದು ವಕೀಲರನ್ನು ಹುಡುಕುವ ಹಾಗೆ ಅಂದು ಗುರುವನ್ನು ಹುಡುಕುತ್ತಿದ್ದ.

ಕೆರೆದಂಡೆ · 11:31

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಹಾಗಾದರೆ ಇವು ಕಲಿಯುವ ಪುಸ್ತಕಗಳೇ? ಮನೆಯಲ್ಲೇ ಕೂತು ಕಲಿಯಿರಿ ಅನ್ನುವ ಥರದ್ದು?

ನೆಕ್ಕರ್‌ತೀರ · 12:20

ಅಲ್ಲೇ ಎಲ್ಲರೂ ಎಡವುವುದು. ನಾನೂ ಎಡವಿದೆ.

ಟಾಲ್‌ಹೋಫರನ ಪುಸ್ತಕದಲ್ಲಿ ಪುಟಕ್ಕೊಂದು ಚಿತ್ರ, ಕೆಳಗೆ ಒಂದೂವರೆ ಸಾಲು. ‘ಇವನು ಮೇಲಿನಿಂದ ಹೊಡೆದ, ಅವನು ಹಿಡಿದ.’ ಅಷ್ಟೇ. ಆ ಚಿತ್ರದ ಹಿಂದಿನ ಹೆಜ್ಜೆ ಯಾವುದು, ಮುಂದಿನದು ಯಾವುದು, ಏನೂ ಇಲ್ಲ. ಮದುವೆ ಆಲ್ಬಮ್ ನೋಡಿ ಮಂತ್ರ ಕಲಿಯಲು ಹೊರಟ ಹಾಗೆ.

ಆ ಪರಂಪರೆಯ ಬೇರು ಟಾಲ್‌ಹೋಫರನಿಗಿಂತ ಹಿಂದಿನವನಲ್ಲಿದೆ, ಯೋಹಾನೆಸ್ ಲೀಖ್ಟೆನಾವರ್. 14ನೇ ಶತಮಾನದವನು. ಅವನು ತನ್ನ ಕೈಯಾರೆ ಬರೆದ ಒಂದು ಹಾಳೆಯೂ ಉಳಿದಿಲ್ಲ. ಉಳಿದಿರುವುದು ಪ್ರಾಸ ಹಾಕಿದ ಪದ್ಯಗಳು, ಅದೂ ಬೇರೆಯವರ ಹಸ್ತಪ್ರತಿಗಳಲ್ಲಿ. ‘ಎಳೆಯ ಸರದಾರನೇ ಕಲಿ, ದೇವರನ್ನು ಪ್ರೀತಿಸು, ಹೆಂಗಸರನ್ನು ಗೌರವಿಸು’ ಅಂತ ಶುರುವಾಗುತ್ತದೆ. ಆಮೇಲೆ ಒಗಟೇ ಒಗಟು. ಪದ್ಯಕ್ಕೆ ಟೀಕೆ ಬರೆದವರೇ ಪೀಠಿಕೆಯಲ್ಲಿ ಹೇಳುತ್ತಾರೆ: ವಿದ್ಯೆ ಬೀದಿಪಾಲಾಗದಿರಲಿ ಅಂತ ಗುರು ಇದನ್ನು ಮುಚ್ಚಿದ, ಮರೆಮಾಡಿದ ಮಾತುಗಳಲ್ಲಿ ಬರೆಸಿದ.

ಲೀಖ್ಟೆನಾವರ್ ಪದ್ಯದ ತೀರಾ ಹಳೆಯ ಪ್ರತಿ ನ್ಯೂರೆಂಬರ್ಗ್‌ನ ಜರ್ಮಾನಿಷೆಸ್ ಮ್ಯೂಸಿಯಮ್ಮಿನಲ್ಲಿದೆ, 3227ಎ ಅಂತ ಅದರ ನಂಬರು. 1389ರದು. ಬರೆದವನು ಹಾಂಕೋ ಡೋಬ್ರಿಂಗರ್ ಎಂಬ ಪಾದ್ರಿ.

ಓಲೆಗರಿ · 1:45

ಎರಡು ತಿದ್ದುಪಡಿ. ನಾನು ಹಸ್ತಪ್ರತಿ ಪಟ್ಟಿಕೆಯ ಕೆಲಸದಲ್ಲಿ ಕಣ್ಣು ಕಳೆದುಕೊಂಡವನು, ಸುಮ್ಮನಿರಲಾಗುವುದಿಲ್ಲ.

1389 ಎಂಬುದು ಆ ಹೊತ್ತಗೆಯೊಳಗಿನ ಪಂಚಾಂಗದ ಪಟ್ಟಿ ನೋಡಿ ಹಾಕಿದ ಲೆಕ್ಕ. ಪಂಚಾಂಗವನ್ನು ಹಳೇ ಪ್ರತಿಯಿಂದ ನಕಲು ಮಾಡಿರಲೂಬಹುದಲ್ಲ? ಈಗಿನ ವಿದ್ವಾಂಸರಲ್ಲಿ ಹಲವರು ಅದನ್ನು 15ನೇ ಶತಮಾನದ ಮೊದಲ ದಶಕಗಳಿಗೆ ತರುತ್ತಾರೆ. ಇನ್ನು ಡೋಬ್ರಿಂಗರ್. ಅವನ ಹೆಸರು ಆ ಹೊತ್ತಗೆಯಲ್ಲಿ ‘ಇತರ ಗುರುಗಳು’ ಎಂಬಲ್ಲಿ ಬರುತ್ತದೆ, ಲೇಖಕ ಎಂದಲ್ಲ. ಯಾರೋ ಒಬ್ಬರು ತಪ್ಪಾಗಿ ಅವನಿಗೆ ಕರ್ತೃತ್ವ ಹಚ್ಚಿದರು, ಮುಂದಿನವರು ಅದನ್ನೇ ಎತ್ತಿಕೊಂಡರು. ನಮ್ಮ ಓಲೆಗರಿ ಪಟ್ಟಿಗಳಲ್ಲೂ ಇದೇ ರೋಗ. ಪ್ರತಿಕಾರನ ಹೆಸರನ್ನು ಕವಿಯ ಖಾನೆಗೆ ತುಂಬಿದ ನಮೂದುಗಳನ್ನು ನಾನೇ ಎಷ್ಟೋ ತಿದ್ದಿದ್ದೇನೆ.

ಇನ್ನೊಂದು. ಅದು ಕತ್ತಿವರಸೆಯ ಪುಸ್ತಕವೇ ಅಲ್ಲ. ಮನೆವಾರ್ತೆಯ ಹೊತ್ತಗೆ. ಔಷಧಿ, ಲೋಹಕ್ಕೆ ಹದ ಕೊಡುವ ಕ್ರಮ, ಬಣ್ಣ, ಮಾಟ, ಎಲ್ಲದರ ನಡುವೆ ಕತ್ತಿ. ಎಷ್ಟೋ ಕಡೆ ತಲೆಬರಹ ಬರೆದು, ಆಮೇಲೆ ತುಂಬೋಣ ಅಂತ ಪುಟ ಖಾಲಿ ಬಿಟ್ಟಿದ್ದಾನೆ. ತುಂಬಲೇ ಇಲ್ಲ.

ನೆಕ್ಕರ್‌ತೀರ · 2:02

ಒಪ್ಪಿದೆ ಸಾರ್. ನಮ್ಮ ಕ್ಲಬ್ಬಿನ ಹಳಬರು ಈಗಲೂ ಅವನನ್ನು ‘ಡೋಬ್ರಿಂಗರ್’ ಅಂತಲೇ ಕರೆಯುತ್ತಾರೆ, ಬಾಯಿಗೆ ಅದೇ ಬಂತು.

ಅದೇ ಹೊತ್ತಗೆಯ ಎರಡು ಮಾತು ನನಗೆ ಪ್ರಾಣ. ಒಂದು, ಲೀಖ್ಟೆನಾವರ್ ಈ ವಿದ್ಯೆಯನ್ನು ಕಂಡುಹಿಡಿದವನಲ್ಲ. ಅದು ನೂರಾರು ವರ್ಷದಿಂದ ಇದ್ದದ್ದು, ಅವನು ನಾಡುನಾಡು ಸುತ್ತಿ ಹುಡುಕಿ ಕಲಿತ ಅಂತ. ಇನ್ನೊಂದು, ಕತ್ತಿವರಸೆಯನ್ನು ಕೈಯಿಂದ ತೋರಿಸಿಕೊಟ್ಟಷ್ಟು ಚೆನ್ನಾಗಿ ಬರೆದು ಬಿಡಿಸಿ ಹೇಳಲಾಗದು ಅಂತ. ಬರೆಯುತ್ತಲೇ ಬರವಣಿಗೆಯ ಕೈಲಾಗದು ಅಂದುಬಿಟ್ಟ ಪುಣ್ಯಾತ್ಮ. ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಅವನೇ ಕೊಟ್ಟಿದ್ದಾನೆ.

ಗರಡಿಮೊಮ್ಮಗ · 3:30

ಅಣ್ಣ, ನಮ್ದು ಮೈಸೂರು, ತಾತ ಪೈಲ್ವಾನ್ರು. ‘ವಿದ್ಯೆ ಬೀದಿಪಾಲಾಗದಿರಲಿ’ ಅಂದ್ರಲ್ಲ, ಅದು ನಮ್ ಗರಡೀಲೂ ಇರೋದೆ. ವಸ್ತಾದ ನೂರು ಪಟ್ಟು ಹೇಳ್ಕೊಟ್ಟು ನೂರಾ ಒಂದ್ನೇದು ತಾನೇ ಇಟ್ಕೊಂಡ, ಶಿಷ್ಯ ತಿರುಗಿ ಬಿದ್ದಾಗ ಅದ್ರಲ್ಲೇ ಕೆಡವಿದ ಅಂತ ಕತೆ ಕೇಳಿಲ್ದೋರ್ ಯಾರು. ಆದ್ರೆ ಮುಚ್ಚಿಡೋದೇ ಆದ್ರೆ ಪದ್ಯ ಯಾಕ್ ಕಟ್ಬೇಕಿತ್ತು? ಬಾಯ್ ಮುಚ್ಕೊಂಡ್ ಇದ್ದಿದ್ರೆ ಆಗ್ತಿರ್ಲಿಲ್ವಾ?

ಓಲೆಗರಿ · 4:10

ಒಳ್ಳೇ ಪ್ರಶ್ನೆ. ಬೀಗ ಎಂದ ಮೇಲೆ ಬೀಗದಕೈ ಯಾರ ಹತ್ತಿರವೋ ಇರಬೇಕು. ಪದ್ಯ ಶಿಷ್ಯನ ನೆನಪಿಗೆ. ಗುರುವಿನ ಮುಂದೆ ವರಸೆ ಕಲಿತವನಿಗೆ ಒಂದು ಪಾದ ಅಂದರೆ ಇಡೀ ಆಟ ಕಣ್ಣಮುಂದೆ ಬರುತ್ತದೆ. ಕಲಿಯದವನಿಗೆ ಬರೀ ಪ್ರಾಸ. ಬೆಡಗಿನ ವಚನ ಓದಿದವರಿಗೆ ಈ ಜಾಡು ಹೊಸದಲ್ಲ. ಟೀಕೆಯಿಲ್ಲದೆ ಅಲ್ಲಮನ ಬೆಡಗು ಎಷ್ಟು ಜನಕ್ಕೆ ಬಿಡುತ್ತದೆ?

ಸುಮ್ನೆಓದುವವಳು · 4:25

ಬೆಡಗು ಬೇರೆ, ಇದು ಬೇರೆ ಅನ್ನಿಸುತ್ತದೆ ಸಾರ್. ಬೆಡಗಿನಲ್ಲಿ ಹೇಳಲಾಗದ್ದನ್ನು ಹೇಳುವ ಕಷ್ಟವಿದೆ. ಇಲ್ಲಿ ಹೇಳಬಹುದಾದ್ದನ್ನೇ ಬೇಕಂತ ಮುಚ್ಚಿದ್ದಾರೆ, ಕಸುಬಿನ ಗುಟ್ಟು. ಒಂದು ಪದ್ಯವನ್ನಾದರೂ ಬಿಡಿಸಿ ತೋರಿಸಿದರೆ ಯಾರು ಸರಿ ಅಂತ ಗೊತ್ತಾಗುತ್ತದೆ.

ನೆಕ್ಕರ್‌ತೀರ · ಸಂಜೆ 6:05

ಬಿಡಿಸೋಣ. ಕಾಫಿ ಮಾಡಿಕೊಂಡು ಬನ್ನಿ, ಉದ್ದ ಇದೆ.

ಉದ್ದಕತ್ತಿ ಅಂದರೆ ಎರಡೂ ಕೈಯಲ್ಲಿ ಹಿಡಿಯುವುದು. ಹತ್ತು ಕೆಜಿ ಇತ್ತು, ಎತ್ತಲು ಇಬ್ಬರು ಬೇಕಿತ್ತು ಅನ್ನುವುದೆಲ್ಲ ಬೊಗಳೆ. ಸುಮಾರು ಒಂದೂಕಾಲರಿಂದ ಒಂದೂವರೆ ಕೆಜಿ.

ಮೊದಲು ನಾಲ್ಕು ನಿಲುವು. ಹೆಸರು ಕೇಳಿ: ಓಕ್ಸ್, ಪ್ಫ್ಲೂಗ್, ಆಲ್ಬರ್, ಫೋಮ್ ಟಾಗ್. ಎತ್ತು, ನೇಗಿಲು, ಪೆದ್ದ, ಮತ್ತು ‘ಹಗಲಿನಿಂದ’. ಸರದಾರರ ವಿದ್ಯೆಗೆ ಹೊಲದ ಹೆಸರು! ಎತ್ತು ಅಂದರೆ ಕತ್ತಿಯನ್ನು ತಲೆಯ ಪಕ್ಕಕ್ಕೆ ಎತ್ತಿ, ಮೊನೆಯನ್ನು ಎದುರಾಳಿಯ ಮುಖಕ್ಕೆ ಕೊಂಬಿನ ಹಾಗೆ ಒಡ್ಡುವುದು. ನೇಗಿಲು ಅಂದರೆ ಹಿಡಿ ಸೊಂಟದ ಹತ್ತಿರ, ಮೊನೆ ಮೇಲ್ಮುಖ. ಪೆದ್ದ ಅಂದರೆ ಕತ್ತಿಯನ್ನು ನೆಲದ ಕಡೆ ಇಳಿಬಿಟ್ಟು ಸುಮ್ಮನೆ ನಿಲ್ಲುವುದು. ತಲೆ ತೆರೆದಿದೆ, ಬಾ ಹೊಡಿ ಅನ್ನುವ ಹಾಗೆ. ಪೆದ್ದ ಯಾರೆಂದು ಹೊಡೆದ ಮೇಲೆ ತಿಳಿಯುತ್ತದೆ. ಕೊನೆಯದು ತಲೆ ಮೇಲೆ ಅಥವಾ ಹೆಗಲ ಮೇಲೆ ಎತ್ತಿ ಹಿಡಿಯುವುದು. ಅದು ‘ಹಗಲಿನಿಂದ’ವೋ, ‘ಸೂರಿನಿಂದ’ವೋ ಅಂತ ಇವತ್ತಿಗೂ ಜಗಳ. ಜರ್ಮನ್‌ನಲ್ಲಿ ಹಗಲು ಟಾಗ್, ಸೂರು ದಾಖ್. ಹಳೇ ಬರಹದಲ್ಲಿ ಗೊಂದಲಕ್ಕೆ ಎಡೆಯಿದೆ.

ಆಮೇಲೆ ಐದು ಹೊಡೆತ. ಕನ್ನಡ ಮಾಡಿದರೆ ಕೋಪದ ಹೊಡೆತ, ಡೊಂಕು ಹೊಡೆತ, ಅಡ್ಡ ಹೊಡೆತ, ಮೆಳ್ಳೆಗಣ್ಣಿನ ಹೊಡೆತ, ನೆತ್ತಿ ಹೊಡೆತ. ಕೊನೆಯದಕ್ಕೆ ಷೈಟೆಲ್ ಅಂತಾರೆ, ಆ ಪದಕ್ಕೆ ನೆತ್ತಿ ಅಂತಲೂ ಬೈತಲೆ ಅಂತಲೂ ಅರ್ಥ. ಡೊಂಕು ಎತ್ತನ್ನು ಮುರಿಯುತ್ತದೆ, ಅಡ್ಡ ‘ಹಗಲ’ನ್ನು, ಮೆಳ್ಳೆ ನೇಗಿಲನ್ನು, ನೆತ್ತಿ ಪೆದ್ದನನ್ನು. ಮೆಳ್ಳೆಗಣ್ಣಿನದಕ್ಕೆ ಇನ್ನೊಂದು ಕೆಲಸವಿದೆ: ‘ಕೋಣ’ ಏನು ಹೊಡೆದರೂ ಚುಚ್ಚಿದರೂ ಅದನ್ನು ಒಡೆಯುತ್ತದೆ ಅಂತ ಪದ್ಯ. ಕೋಣ ಅಂದರೆ ವಿದ್ಯೆಯಿಲ್ಲದೆ ಬರೀ ತೋಳುಬಲದಲ್ಲಿ ಬೀಸುವವನು. ಈ ಬೈಗುಳ ಅನುವಾದವೇ ಬೇಡದೆ ಕನ್ನಡಕ್ಕೆ ಬಂತು.

ಈಗ ಕೋಪದ ಹೊಡೆತದ ಪದ್ಯ. ಮಾತಿಗೆ ಮಾತು ಹೇಳಿದರೆ: ‘ನಿನ್ನ ಮೇಲೆ ಮೇಲಿನಿಂದ ಹೊಡೆಯುವವನಿಗೆ ಕೋಪದ ಹೊಡೆತದ ಮೊನೆ ಬೆದರಿಕೆ. ಅವನಿಗೆ ಅರಿವಾದರೆ ಮೇಲಿಂದ ತೆಗೆ, ಅಪಾಯವಿಲ್ಲ.’

ಓದಿದರೆ ಏನೂ ಆಗುವುದಿಲ್ಲ. ಮಾಡಿದರೆ ಹೀಗೆ. ಅವನು ಬಲಗಡೆಯಿಂದ ನಿನ್ನ ತಲೆಗೆ ಬೀಸಿದ. ನೀನು ತಡೆಯಲು ಹೋಗಬೇಡ. ನೀನೂ ನಿನ್ನ ಬಲಗಡೆಯಿಂದಲೇ, ಸಿಟ್ಟು ಬಂದವನು ಸಹಜವಾಗಿ ಹೇಗೆ ಹೊಡೆಯುತ್ತಾನೋ ಹಾಗೆ, ಓರೆಯಾಗಿ ಹೊಡಿ. ಎರಡು ಅಲಗೂ ಬಡಿದು ನಿಲ್ಲುತ್ತವೆ. ಈ ತಾಗಿ ನಿಂತ ಗಳಿಗೆಯೇ ಇಡೀ ವಿದ್ಯೆಯ ಹೊಕ್ಕುಳು. ಕಣ್ಣಿಗೆ ಇಲ್ಲಿ ಕೆಲಸವಿಲ್ಲ, ಅಂಗೈಗೆ ಕೆಲಸ. ಅವನ ಅಲಗು ಮೆತ್ತಗಿದೆಯೋ ಬಿರುಸಾಗಿದೆಯೋ? ಮೆತ್ತಗಿದ್ದರೆ ಅಲ್ಲಿಂದಲೇ ಮೊನೆಯನ್ನು ಅವನ ಮುಖಕ್ಕೆ ನೂಕು. ಅವನು ಎಚ್ಚೆತ್ತು ನಿನ್ನ ಕತ್ತಿಯನ್ನು ಬಲವಾಗಿ ಪಕ್ಕಕ್ಕೆ ತಳ್ಳಿದರೆ, ಆ ಬಲದ ಜತೆ ಜಗಳವಾಡಬೇಡ. ಕತ್ತಿಯನ್ನು ಅವನ ಅಲಗಿನ ಮೇಲಿಂದ ಎತ್ತಿ ಆಚೆ ಬದಿಗೆ ಹೊಡಿ. ಅವನೇ ತಳ್ಳಿ ತೆರೆದುಕೊಟ್ಟ ಬಾಗಿಲು ಅದು. ‘ಮೇಲಿಂದ ತೆಗೆ’ ಎಂಬುದರ ಗುಟ್ಟು ಇಷ್ಟೇ.

ಎರಡು ಸಾಲಿನಲ್ಲಿ ಒಂದು ಹೊಡೆತ, ಒಂದು ಪ್ರಶ್ನೆ, ಎರಡು ಉತ್ತರ. ಬಲ್ಲವನಿಗೆ ಇದಕ್ಕಿಂತ ಚಿಕ್ಕದಾಗಿ ಹೇಳಲಾಗದು.

ಕೆರೆದಂಡೆ · 6:40

ಎರಡು ಸಲ ಓದಿದೆ. ಅಡುಗೆಮನೆಯಿಂದ ಸೌಟು, ಲಟ್ಟಣಿಗೆ ತಂದು ಮಗನ ಜತೆ ಮಾಡಿಯೂ ನೋಡಿದೆ. ಮೆತ್ತಗೆ–ಬಿರುಸು ನಿಜವಾಗಿಯೂ ಕೈಗೆ ತಿಳಿಯುತ್ತದೆ! ಮನೆಯವಳು ಏನಂದಳು ಅಂತ ಇಲ್ಲಿ ಬರೆಯುವುದಿಲ್ಲ.

ಚುರುಮುರಿ · 6:43

ಗುಂಡಿ ತೋಡಿಸಿದ್ದಾರಾ?

ನೆಕ್ಕರ್‌ತೀರ · 7:10

ಹ್ಹಹ್ಹ. ಸೌಟು ಸಾಕು ಮೇಷ್ಟ್ರೇ, ಮುಂದಕ್ಕೆ ಹೋಗಬೇಡಿ. ನಾನು ಕೈಗವಸು ಹಾಕಿಕೊಂಡೇ ಹೆಬ್ಬೆರಳು ಮುರಿದುಕೊಂಡು ಎರಡು ತಿಂಗಳು ಎಡಗೈಯಲ್ಲಿ ಟೈಪ್ ಮಾಡಿದವನು.

ಇನ್ನೊಂದು ಹೇಳಲೇಬೇಕು. ಈ ಪರಂಪರೆಯಲ್ಲಿ ಕಾಲಕ್ಕೆ ಮೂರು ಹೆಸರು. ಫೋರ್ ಅಂದರೆ ಮುಂಚೆ. ನೀನು ಮೊದಲು ಹೊಡೆದು ಅವನನ್ನು ತಡೆಯುವುದಕ್ಕೆ ಕಟ್ಟಿಹಾಕುವುದು. ನಾಖ್ ಅಂದರೆ ಆಮೇಲೆ. ಅವನು ಹೊಡೆದ, ನೀನು ಉತ್ತರ ಕೊಡುತ್ತಿದ್ದೀಯ. ಮೂರನೆಯದು ಇಂಡೆಸ್. ಇಂಗ್ಲಿಷಿನವರು ಇದಕ್ಕೆ ಪುಟಗಟ್ಟಲೆ ವಿವರಣೆ ಬರೆಯುತ್ತಾರೆ. ನನಗೆ ಕನ್ನಡದಲ್ಲಿ ಒಂದೇ ಪದ ಸಿಕ್ಕಿತು: ‘ಅಷ್ಟರಲ್ಲೇ’. ಅಜ್ಜಿ ಕತೆ ಹೇಳುವಾಗ ‘ಹುಲಿ ಬಾಯಿ ತೆರೆಯಿತು, ಅಷ್ಟರಲ್ಲೇ...’ ಅನ್ನುತ್ತಾಳಲ್ಲ, ಅದು. ಅವನ ಕೆಲಸ ಇನ್ನೂ ಮುಗಿದಿಲ್ಲ, ಅಷ್ಟರಲ್ಲೇ ನಿನ್ನದು ಶುರು. ಪದ್ಯವನ್ನು ಕನ್ನಡಿಸಲು ಒಂದು ಪ್ರಯತ್ನ:

ಮುಂಚೆ, ಆಮೇಲೆ – ಈ ಎರಡೇ ಬೇರು,
ವಿದ್ಯೆಯೆಲ್ಲ ಅದರಿಂದೆದ್ದ ಚಿಗುರು.
ಬಲವೋ ಬಡವೋ ಅಲಗಲ್ಲೇ ನೋಡು,
‘ಅಷ್ಟರಲ್ಲೇ’ ಎಂಬ ಮಾತ ನೆನಪಲ್ಲಿಡು.

ಓಲೆಗರಿ · 7:30

‘ಚಿಗುರು’ ಮೂಲದಲ್ಲಿಲ್ಲ, ಪ್ರಾಸಕ್ಕೆ ತಂದದ್ದು. ಮೂಲದಲ್ಲಿ ‘ಇವೆರಡು ಎಲ್ಲ ವಿದ್ಯೆಗೂ ಮೂಲ’ ಎಂದಷ್ಟೇ ಇದೆ. ‘ಅಷ್ಟರಲ್ಲೇ’ಗೆ ಮಾತ್ರ ಪೂರ್ಣ ಅಂಕ.

ಸುಮ್ನೆಓದುವವಳು · 7:48

ನನ್ನ ಮಾತೇ ಗೆದ್ದಿತು ಅಂದುಕೊಳ್ಳುತ್ತೇನೆ. ಬೆಡಗಲ್ಲ ಇದು, ಗುರುತು ಚೀಟಿ.

ಒಂದು ಪ್ರಶ್ನೆ. ಇದರಲ್ಲೆಲ್ಲ ಹೆಂಗಸೆಂದರೆ ಕಲ್ಲು ಕಟ್ಟಿಕೊಂಡವಳು ಒಬ್ಬಳೇನಾ?

ನೆಕ್ಕರ್‌ತೀರ · 8:20

ಒಳ್ಳೇದಾಯ್ತು ಕೇಳಿದ್ದು. ಯುರೋಪಿನಲ್ಲಿ ಉಳಿದಿರುವ ಕತ್ತಿವರಸೆ ಹಸ್ತಪ್ರತಿಗಳಲ್ಲೇ ತೀರಾ ಹಳೆಯದು ಲೀಖ್ಟೆನಾವರ್ ಪರಂಪರೆಯದಲ್ಲ. ಐ.33 ಅಂತ ಕರೆಯುತ್ತಾರೆ, 14ನೇ ಶತಮಾನದ ಮೊದಲ ದಶಕಗಳದು, ಈಗ ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್‌ನಲ್ಲಿದೆ. 32 ಹಾಳೆ. ಭಾಷೆ ಲ್ಯಾಟಿನ್, ಆದರೆ ಕಸುಬಿನ ಪದಗಳು ಬಂದಾಗ ಜರ್ಮನ್ ನುಸುಳುತ್ತದೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಊಟದ ತಟ್ಟೆಗಿಂತ ತುಸು ದೊಡ್ಡ ಗುರಾಣಿ. ಹೇಳಿಕೊಡುವವನು ಬೋಳುನೆತ್ತಿಯ ಪಾದ್ರಿ, ಕಲಿಯುವವನು ವಿದ್ಯಾರ್ಥಿ. ‘ಕತ್ತಿವರಸೆ ಎಂದರೆ ಬಗೆಬಗೆಯ ಹೊಡೆತಗಳ ಜೋಡಣೆ, ಅದರಲ್ಲಿ ಏಳು ಭಾಗ’ ಅಂತ ಪಾಠ ತೆರೆಯುತ್ತದೆ.

ಕೊನೆಯ ಎರಡು ಪುಟದಲ್ಲಿ ವಿದ್ಯಾರ್ಥಿ ಕಾಣೆ. ಅವನ ಜಾಗದಲ್ಲಿ ಉದ್ದ ಲಂಗದ, ಕೂದಲು ಇಳಿಬಿಟ್ಟ ಒಬ್ಬ ಹೆಂಗಸು, ಹೆಸರು ವಾಲ್‌ಪುರ್ಗಿಸ್. ಗುಂಡಿ ಇಲ್ಲ, ಕಲ್ಲಿಲ್ಲ, ಪಾದ್ರಿಯ ಎದುರು ಸರಿಸಮ ಕತ್ತಿ ಗುರಾಣಿ. ಅವಳ ಹೆಸರಿನದೇ ಒಂದು ವಿಶೇಷ ನಿಲುವೂ ಇದೆ. ಯಾಕೆ, ಯಾರು ಅಂತ ಒಂದು ಸಾಲೂ ವಿವರಣೆ ಕೊಡದೆ ಪುಸ್ತಕ ಮುಗಿಯುತ್ತದೆ. ಸಂತಳ ಹೆಸರೂ ಅದೇ ಆದ್ದರಿಂದ ಸಂತಳೇ ಅಂತ ಕೆಲವರು, ಶಿಷ್ಯೆ ಅಂತ ಕೆಲವರು.

ಈ ಪುಸ್ತಕ ಗೋಥಾದಲ್ಲಿತ್ತು, ಎರಡನೇ ಮಹಾಯುದ್ಧದಲ್ಲಿ ಕಾಣೆಯಾಗಿ, 1950ರಲ್ಲಿ ಲಂಡನ್ನಿನ ಹರಾಜಿನಲ್ಲಿ ತಲೆಯೆತ್ತಿತು.

ಸುಮ್ನೆಓದುವವಳು · 8:33

ವಿವರಣೆ ಕೊಡದೇ ಇದ್ದದ್ದೇ ನನಗೆ ಇಷ್ಟವಾಯಿತು. ಬರೆದವನಿಗೆ ಅದು ವಿವರಿಸುವಂಥ ಸಂಗತಿ ಅನ್ನಿಸಿಲ್ಲ.

ಕೆರೆದಂಡೆ · ಸೋಮವಾರ ಸಂಜೆ 5:50

ಇವತ್ತು ಕ್ಲಾಸಿನಲ್ಲಿ ಹೇಳಿದೆ. ಒಬ್ಬ ಹುಡುಗ ಕೇಳಿದ: ‘ಸಾರ್, ಈ ಗುರುಗಳಿಗೆ ಸಂಬಳ ಯಾರು ಕೊಡ್ತಿದ್ರು?’ ನನಗೆ ಉತ್ತರ ಬರಲಿಲ್ಲ. ರಾಜರ ಆಸ್ಥಾನ ಅಂದುಬಿಟ್ಟೆ.

ಓಲೆಗರಿ · 7:05

ಕೆಲವರಿಗೆ ಆಸ್ಥಾನ ಸರಿ. ಪೌಲುಸ್ ಕಾಲ್ ಬವೇರಿಯಾದ ಡ್ಯೂಕನ ಬಳಿ ಇದ್ದ. 1470ರ ಆಸುಪಾಸಿನ ಅವನ ಹಸ್ತಪ್ರತಿಯಲ್ಲಿ ಒಂದು ಚಿತ್ರವಿದೆ: ಗಿಡುಗನ ಕಣ್ಣು, ಸಿಂಹದ ಎದೆ, ಜಿಂಕೆಯ ಕಾಲು ಇರುವ ಮನುಷ್ಯ, ಒಳ್ಳೇ ವರಸೆಗಾರ ಹೀಗಿರಬೇಕೆಂದು. ‘ಲೀಖ್ಟೆನಾವರ್ ಬಳಗ’ ಅಂತ ಗುರುಗಳ ಹೆಸರಿನ ಪಟ್ಟಿ ಕೊಟ್ಟವನೂ ಅವನೇ.

ಊರುಗಳಲ್ಲಿ ಕತೆ ಬೇರೆ. ಅಲ್ಲಿ ವರಸೆ ಹೇಳಿಕೊಡುತ್ತಿದ್ದವರು ಕೈಕಸುಬಿನವರು. 1487ರಲ್ಲಿ ಚಕ್ರವರ್ತಿ ಮೂರನೇ ಫ್ರೆಡರಿಕ್ ‘ಮಾರ್ಕ್ಸ್‌ಬ್ರೂಡರ್’ ಎಂಬ ಸಂತ ಮಾರ್ಕನ ಕೂಟಕ್ಕೆ ಸನ್ನದು ಕೊಟ್ಟ. ಅವರ ನೆಲೆ ಫ್ರಾಂಕ್‌ಫರ್ಟ್. ಉದ್ದಕತ್ತಿಯ ಗುರು ಎಂದು ಹೇಳಿಕೊಳ್ಳಬೇಕಾದರೆ ಅಲ್ಲಿಯ ಶರತ್ಕಾಲದ ಜಾತ್ರೆಗೆ ಹೋಗಿ, ಅವರೆದುರು ವರಸೆಯಾಡಿ, ಹಣ ಕಟ್ಟಿ ಪಾಸಾಗಬೇಕು. ಇವರಿಗೆ ಎದುರಾಗಿ ಬೆಳೆದ ‘ಫೆಡರ್‌ಫೆಕ್ಟರ್’ ಕೂಟಕ್ಕೆ 1607ರಲ್ಲಿ ಎರಡನೇ ರುಡಾಲ್ಫನಿಂದ ಸನ್ನದು ಸಿಕ್ಕಿತು. ಲೈಸೆನ್ಸ್ ರಾಜಕಾರಣ ಎಲ್ಲ ಕಾಲಕ್ಕೂ ಒಂದೇ.

ನೆಕ್ಕರ್‌ತೀರ · 9:00

ಆ ಹುಡುಗನಿಗೆ ಶಹಬ್ಬಾಸ್ ಹೇಳಿ. ಈ ಗುರುಗಳ ಬಾಳು ನಮಗೆ ಸಿಗುವುದು ಕತ್ತಿಯಿಂದಲ್ಲ, ಸಾಲದ ಪತ್ರದಿಂದ, ಕೋರ್ಟಿನ ಕಡತದಿಂದ. ಇಬ್ಬರ ಕತೆ ಹೇಳುತ್ತೇನೆ.

ಯೋಆಖಿಮ್ ಮಾಯರ್. ಬಾಸೆಲ್‌ನಲ್ಲಿ ಹುಟ್ಟಿ ಸ್ಟ್ರಾಸ್‌ಬುರ್ಗ್‌ಗೆ ಬಂದ ಚಾಕು ಮಾಡುವ ಕಸುಬಿನವ. 1560ರಲ್ಲಿ ಅಪೊಲೊನಿಯಾ ಎಂಬ ವಿಧವೆಯನ್ನು ಮದುವೆಯಾಗಿ ಊರಿನ ಪೌರನಾದ. ಆಗಾಗ ನಗರಸಭೆಗೆ ಅರ್ಜಿ ಹಾಕಿ, ಅಪ್ಪಣೆ ಪಡೆದು, ವರಸೆಯ ಪಂದ್ಯ ನಡೆಸುತ್ತಿದ್ದ. 1570ರಲ್ಲಿ ಮರದಚ್ಚಿನ ಚಿತ್ರಗಳ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಉದ್ದಕತ್ತಿ, ಡುಸಾಕ್ ಎಂಬ ಗಿಡ್ಡ ಬಾಗುಕತ್ತಿ, ರೇಪಿಯರ್ ಎಂಬ ಸಪೂರ ಒಂಟಿಗೈ ಕತ್ತಿ, ಬಾಕು, ದೊಣ್ಣೆ, ಭರ್ಜಿ, ಎಲ್ಲವೂ ಇದೆ. ಹಳಬರು ಮುಚ್ಚಿಟ್ಟದ್ದನ್ನು ಇವನು ಹೊಸಬನಿಗೂ ತಿಳಿಯುವ ಹಾಗೆ ಹಂತಹಂತವಾಗಿ ಬಿಡಿಸಿದ. ನನ್ನ ಮಟ್ಟಿಗೆ ಇಡೀ ಪರಂಪರೆಯಲ್ಲಿ ನಿಜವಾದ ಮೇಷ್ಟ್ರು ಇವನೊಬ್ಬನೇ. ನಮ್ಮ ಜರ್ಮನರಲ್ಲಿ ಉದ್ದಕತ್ತಿಯಿಂದ ಚುಚ್ಚುವುದನ್ನು ಕೈಬಿಟ್ಟಿದ್ದೇವೆ ಅಂತಲೂ ಹೇಳುತ್ತಾನೆ. ಅಷ್ಟು ಹೊತ್ತಿಗೆ ಅದು ಜೀವ ತೆಗೆಯುವ ವಿದ್ಯೆ ಹೋಗಿ ಪಂದ್ಯದ ಆಟವಾಗಿತ್ತು. ಪಂದ್ಯದಲ್ಲಿ ಎದುರಾಳಿಯ ತಲೆಯ ಮೇಲೆ ಹೆಚ್ಚು ಎತ್ತರದ ಜಾಗದಲ್ಲಿ ರಕ್ತ ತರಿಸಿದವನಿಗೆ ಗೆಲುವು. ಆಟ ಅಂದರೆ ಅಷ್ಟು ಮೆದು ಅಂದುಕೊಳ್ಳಬೇಡಿ.

ಬಣ್ಣದ ಮಾತೆಲ್ಲ ಮುಗಿದ ಮೇಲೆ ಉಳಿದದ್ದು ಸಾಲ. ಅಷ್ಟೊಂದು ಚಿತ್ರದಚ್ಚು ಕೆತ್ತಿಸುವುದು ಅಗ್ಗವೇ? ದೂರದ ಷ್ವೆರೀನ್‌ನಲ್ಲಿ ಮೆಕ್ಲೆನ್‌ಬುರ್ಗ್‌ನ ಡ್ಯೂಕನ ಬಳಿ ಕೆಲಸ ಸಿಕ್ಕಿತು. ನಡುಚಳಿಗಾಲದಲ್ಲಿ ಜರ್ಮನಿಯ ಈ ತುದಿಯಿಂದ ಆ ತುದಿಗೆ ಹೊರಟ. 1571ರ ಫೆಬ್ರವರಿಯಲ್ಲಿ ತಲುಪಿದ, ಆ ತಿಂಗಳೇ ತೀರಿಕೊಂಡ. ಪುಸ್ತಕ, ಸಾಲ ಎರಡೂ ಹೆಂಡತಿಯ ತಲೆಗೆ ಬಂದವು. 1600ರಲ್ಲಿ ಔಗ್ಸ್‌ಬುರ್ಗ್‌ನಲ್ಲಿ ಪುಸ್ತಕ ಮರುಮುದ್ರಣವಾಯಿತು, ಅವನಿಗೆ ಏನು ಬಂತು ಭಾಗ್ಯ.

ಇನ್ನೊಬ್ಬ ಅದೇ ಔಗ್ಸ್‌ಬುರ್ಗ್‌ನ ಪೌಲುಸ್ ಹೆಕ್ಟರ್ ಮಾಯಿರ್. ಇವನು ಗುರುವಲ್ಲ, ನಗರದ ಖಜಾನೆ ನೋಡಿಕೊಳ್ಳುವ ಅಧಿಕಾರಿ, ಹಳೇ ವರಸೆ ಪುಸ್ತಕಗಳ ಹುಚ್ಚ. ಸಿಕ್ಕಿದ್ದನ್ನೆಲ್ಲ ಕೊಂಡ. ಆಮೇಲೆ ಚಿತ್ರಕಾರ ಯೋರ್ಗ್ ಬ್ರೊಯ್ ಕಿರಿಯನನ್ನೂ ಇಬ್ಬರು ವರಸೆಗಾರರನ್ನೂ ಹಿಡಿದು, ಎಲ್ಲವನ್ನೂ ಸೇರಿಸಿ ದೈತ್ಯ ಸಂಪುಟಗಳನ್ನು ಮಾಡಿಸಿದ. ಡ್ರೆಸ್‌ಡೆನ್, ಮ್ಯೂನಿಕ್, ವಿಯೆನ್ನಾ ಮೂರು ಕಡೆ ಪ್ರತಿಗಳಿವೆ. ಅದರಲ್ಲಿ ಕುಡುಗೋಲಿನ ಕಾಳಗವೂ ಇದೆ, ತೆನೆ ಬಡಿಯುವ ಕೋಲಿನ ಕಾಳಗವೂ ಇದೆ. ಬಟ್ಟೆ ಮಾತ್ರ ಎಲ್ಲರದೂ ರೇಷ್ಮೆ!

ದುಡ್ಡು ಎಲ್ಲಿಂದ ಬಂತು? ನಗರದ ಖಜಾನೆಯಿಂದ. ದಶಕಗಳ ಕಾಲ ಕೈ ಹಾಕಿದ. 1579ರಲ್ಲಿ ಸಿಕ್ಕಿಬಿದ್ದ, 62ನೇ ವಯಸ್ಸಿಗೆ ಗಲ್ಲಿಗೇರಿಸಿದರು.

ಚುರುಮುರಿ · 9:08

ಪುಸ್ತಕಕ್ಕಾಗಿ ಗಲ್ಲಿಗೇರಿದ ಖಜಾಂಚಿ! ನಮ್ಮಲ್ಲಿ ಸೈಟಿಗಾಗಿ ತಿಂದವರೇ ಆರಾಮಾಗಿದ್ದಾರೆ.

ಓಲೆಗರಿ · 9:30

ನಗಬೇಡಿ. ಆ ಕಳ್ಳ ಕೂಡಿಡದಿದ್ದರೆ ಎಷ್ಟೋ ಹೊತ್ತಗೆಗಳು ಇವತ್ತು ಇರುತ್ತಿರಲಿಲ್ಲ. ನಾನು ಅವನನ್ನು ಕ್ಷಮಿಸಿ ಬಹಳ ದಿನವಾಯಿತು. ಔಗ್ಸ್‌ಬುರ್ಗ್‌ನ ತೆರಿಗೆದಾರನಾಗಿದ್ದರೆ ಕ್ಷಮಿಸುತ್ತಿದ್ದೆನೋ ಇಲ್ಲವೋ.

ಗರಡಿಮೊಮ್ಮಗ · ಮಂಗಳವಾರ ಮಧ್ಯಾಹ್ನ 1:20

ಕತ್ತಿ ಸಾಕು ಅಣ್ಣ, ಕುಸ್ತಿ ಇದ್ಯಾ ಈ ಪುಸ್ತಕಗಳಲ್ಲಿ?

ನೆಕ್ಕರ್‌ತೀರ · 4:00

ಇಲ್ಲದೆ! ಎಲ್ಲ ವರಸೆಯ ಬುಡ ಕುಸ್ತಿಯೇ ಅಂತ ಅವರ ನಂಬಿಕೆ. ಮೈತುಂಬ ಕಬ್ಬಿಣದ ಕವಚ ತೊಟ್ಟವನಿಗೆ ಕತ್ತಿಯ ಬಾಯಿ ಏನೂ ಮಾಡದು. ಅಲಗಿನ ನಡುವನ್ನೇ ಕೈಯಲ್ಲಿ ಹಿಡಿದು, ಸಂದಿಗಳಲ್ಲಿ ಮೊನೆ ತೂರಿಸಬೇಕು, ಇಲ್ಲ ಕೆಡವಿ ಮೇಲೆ ಕೂರಬೇಕು.

ಕುಸ್ತಿಯ ದೊಡ್ಡ ಹೆಸರು ಓಟ್. ದೀಕ್ಷಾಸ್ನಾನ ಪಡೆದ ಯಹೂದಿ ಅಂತ ಹಸ್ತಪ್ರತಿಗಳೇ ಹೇಳುತ್ತವೆ, ಆಸ್ಟ್ರಿಯಾದ ಒಡೆಯರಿಗೆ ಕುಸ್ತಿ ಗುರು. ಅವನದೇ ಶತಮಾನದಲ್ಲಿ, 1421ರಲ್ಲಿ, ವಿಯೆನ್ನಾದಲ್ಲಿ ಯಹೂದಿಗಳನ್ನು ಸುಟ್ಟುಹಾಕಿದರು. ಅಂಥ ನಾಡಿನಲ್ಲಿ ಯಹೂದಿ ಮೂಲದವನೊಬ್ಬನ ಪಟ್ಟುಗಳನ್ನು ಹೆಸರು ಸಮೇತ ಪ್ರತಿ ಮೇಲೆ ಪ್ರತಿ ನಕಲು ಮಾಡಿಕೊಂಡರು. ಈ ಸಂಗತಿ ಓದಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡುತ್ತೇನೆ.

ಓಟ್ ಹೇಳುವುದು: ಕುಸ್ತಿಗೆ ವಿದ್ಯೆ, ಚುರುಕು, ಬಲ ಮೂರೂ ಬೇಕು. ನಿನಗಿಂತ ಸೊರಗಿದವನ ಮೇಲೆ ‘ಮುಂಚೆ’ ಹೋಗು, ನಿನಗಿಂತ ಗಟ್ಟಿಗ ಬಂದರೆ ‘ಆಮೇಲೆ’ ಬಾ.

ಟಾಲ್‌ಹೋಫರನ ಕುಸ್ತಿ ಚಿತ್ರ ಒಂದನ್ನು ನಿಮಗೆ ಕಳಿಸುತ್ತಿದ್ದೇನೆ. ಒಬ್ಬ ಇನ್ನೊಬ್ಬನ ತೋಳಡಿ ತಲೆ ಹಾಕಿ ತೊಡೆ ಹಿಡಿದಿದ್ದಾನೆ. ನಿಮ್ಮ ತಾತನಿಗೆ ತೋರಿಸಿ, ಏನಂತಾರೆ ನೋಡೋಣ.

ಗರಡಿಮೊಮ್ಮಗ · ರಾತ್ರಿ 8:45

ತೋರಿಸ್ದೆ. ಕನ್ನಡಕ ಹಾಕ್ಕೊಂಡು ಕಾಲ್ಗಂಟೆ ನೋಡಿದ್ರು. ಮೊದ್ಲು ಕೇಳಿದ್ದು, ‘ಇವ್ನ ಹಿಂದಿನ್ ಕಾಲ್ಮೇಲೆ ಭಾರ ಐತಾ, ಮುಂದಿನ್ ಕಾಲ್ಮೇಲಾ?’ ಚಿತ್ರದಲ್ಲಿ ಗೊತ್ತಾಗಲ್ಲ ತಾತ ಅಂದೆ. ‘ಹಂಗಾದ್ರೆ ಈ ಪಟ್ಟು ಎರಡ್ ಥರ ಮುಗೀತದೆ. ಭಾರ ಹಿಂದಿದ್ರೆ ಎತ್ತಿ ಎಸೀತಾನೆ, ಮುಂದಿದ್ರೆ ಇವ್ನೇ ಮಗುಚ್ಕೊತಾನೆ. ಬರೆದೋನು ಕುಸ್ತಿ ಆಡ್ದೋನಲ್ಲ, ನೋಡ್ದೋನು’ ಅಂದ್ರು.

ನೆಕ್ಕರ್‌ತೀರ · 9:10

ನಾವು ಅದನ್ನು ಎತ್ತಿ ಎಸೆಯುವುದು ಅಂತಲೇ ಆರು ವರ್ಷದಿಂದ ಮಾಡುತ್ತಿದ್ದೇವೆ! ಇನ್ನೊಂದು ಮುಗಿತಾಯ ಯಾರಿಗೂ ಹೊಳೆದಿರಲಿಲ್ಲ. ಗುರುವಾರ ಕ್ಲಾಸಿದೆ, ತಾತನ ಪ್ರಶ್ನೆ ಇಟ್ಟುಕೊಂಡು ಎರಡೂ ಥರ ಮಾಡಿ ನೋಡುತ್ತೇನೆ. ಮಗುಚಿಕೊಳ್ಳುವವನು ನಾನೇ ಆಗುತ್ತೇನೆ, ಚಾಪೆ ಹಾಸಿರುತ್ತೆ.

ಗರಡಿಮೊಮ್ಮಗ · 9:14

ಚಾಪೆ ಅಂದಿದ್ದಕ್ಕೆ ತಾತ ನಗ್ತಾವ್ರೆ. ‘ಕೆಮ್ಮಣ್ಣು ಇಲ್ವಂತಾ ಅಲ್ಲಿ?’ ಅಂತ ಕೇಳ್ತಾವ್ರೆ.